ವಿಮಾನಕ್ಕೆ ಕಟ್ಟಿದ ಪಥ್ಯದ ಬುತ್ತಿ

ಪ್ರಯಾಣದ ಹಿಂದಿನ ದಿನ ನಾನು ಮನುಷ್ಯನ ಹಾಗೆ ಇರುವುದಿಲ್ಲ ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಾಳೆ. ಅಲ್ಲಗಳೆಯುವ ಧೈರ್ಯ ನನಗಿಲ್ಲ, ಸಾಕ್ಷಿಗಳೆಲ್ಲ ಅವಳ ಕಡೆಗೇ ಇದ್ದಾರೆ. ಹೊನ್ನಾಳಿಯಿಂದ ನ್ಯಾಮತಿಗೆ ಪರೀಕ್ಷೆಯ ಮೇಲ್ವಿಚಾರಣೆಗೆ ಹೋಗಬೇಕಾದರೂ ನಾನು ಹಿಂದಿನ ಸಂಜೆಯೇ ಚೀಲವನ್ನು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟುತ್ತೇನೆ. ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಏಳಕ್ಕೇ ಹೋಗಿ ನಿಲ್ಲುತ್ತೇನೆ. ಬಂದದ್ದು ನಮ್ಮ ಬಸ್ಸೇ ಎಂದು ಕಂಡಕ್ಟರನ್ನು ಕೇಳಿ, ಡ್ರೈವರನ್ನು ಕೇಳಿ, ಕೊನೆಗೆ ಪಕ್ಕದಲ್ಲಿ ಕುಳಿತವನನ್ನೂ ಕೇಳುತ್ತೇನೆ. ಅವನಿಗೂ ಅನುಮಾನ ಹತ್ತಿ ಎದ್ದು ನಿಲ್ಲುತ್ತಾನೆ.

ಇಂಥವನನ್ನು ವಿಮಾನದಲ್ಲಿ ಕಳಿಸಿದರೆ ಏನಾದೀತು? ನಾನು ಹೊನ್ನಾಳಿಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿದ್ದ ಕಾಲ ಅದು, ಎಂಬತ್ತರ ದಶಕದ ಮೊದಲ ವರ್ಷಗಳು. ವಿಮಾನವೆಂದರೆ ನಮ್ಮ ಕಡೆ ಆಕಾಶದಲ್ಲಿ ಬಿಳಿ ಗೆರೆ ಎಳೆದು ಹೋಗುವಂಥದ್ದು. ಅದರೊಳಗೆ ಜನ ಕುಳಿತಿರುತ್ತಾರೆ ಎನ್ನುವುದನ್ನು ನಾನು ಮಕ್ಕಳಿಗೆ ಪಾಠದಲ್ಲಿ ಹೇಳಿದ್ದೆನೇ ಹೊರತು ಪೂರ್ತಿ ನಂಬಿರಲಿಲ್ಲ.

ಹೋಗಬೇಕಾಗಿ ಬಂದದ್ದು ನನ್ನ ಮಾವನವರ ಕಾಲಿನಿಂದ. ಮಾವ ರುದ್ರಪ್ಪನವರು ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿದ್ದರು. ಆಜಾನುಬಾಹು, ನಿಧಾನದ ಮನುಷ್ಯ. ಅವರ ಅಡಿಕೆ ಮಂಡಿಗೆ ಬೆಂಕಿ ಬಿದ್ದಿದೆ ಎಂದು ಹೇಳಿದರೂ ‘ಯಾವ ಮೂಲೆಗೆ?’ ಎಂದು ಕೇಳಿ ಆಮೇಲೆ ಏಳುವಂಥವರು. ಅವರಿಗಿದ್ದ ದೌರ್ಬಲ್ಯ ಒಂದೇ, ಸಿಹಿ. ಗೋಧಿ ಹುಗ್ಗಿಯನ್ನು ಅವರು ತಿನ್ನುತ್ತಿರಲಿಲ್ಲ, ಅದರೊಂದಿಗೆ ಮಾತಾಡುತ್ತಿದ್ದರು. ಐವತ್ತೆಂಟನೆಯ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. ಗುಳಿಗೆ ಸಾಲದೆ ದಿನಾ ಬೆಳಿಗ್ಗೆ ಇನ್ಸುಲಿನ್ ಇಂಜೆಕ್ಷನ್ ಶುರುವಾಯಿತು. ಅದರ ಮೇಲೆ ಚಪ್ಪಲಿಯ ಮೊಳೆಯೊಂದು ಬಲಗಾಲಿನ ಹೆಬ್ಬೆರಳಿಗೆ ಚುಚ್ಚಿ, ಗಾಯ ಎರಡು ತಿಂಗಳಾದರೂ ಮಾಯದೆ, ಬೆರಳು ಕಪ್ಪಾಗತೊಡಗಿತು. ದಾವಣಗೆರೆಯ ಡಾಕ್ಟರು ನೋಡಿ, “ಪಾದ ಉಳೀತದೋ ಇಲ್ಲೋ ಹೇಳಾಕೆ ಬರಲ್ಲ. ಬೊಂಬಾಯಿಗೆ ಹೋಗ್ರಿ, ತಡ ಮಾಡಬ್ಯಾಡ್ರಿ. ರೈಲಿನಾಗೆ ಎರಡು ದಿನ ಕಾಲು ಇಳಿಬಿಟ್ಟುಕೊಂಡು ಕುಂತ್ರೆ ಬಾವು ಏರ್ತದೆ” ಎಂದರು. ಮಾವನ ಹತ್ತಿರ ಅಡಿಕೆ ಕೊಳ್ಳುತ್ತಿದ್ದ ಬೊಂಬಾಯಿಯ ಸೇಟು ಒಬ್ಬರು ತಾವೇ ಮುಂದೆ ಬಿದ್ದು ಆಸ್ಪತ್ರೆ ಗೊತ್ತುಮಾಡಿ, ಬೆಂಗಳೂರಿನಿಂದ ಎರಡು ವಿಮಾನದ ಟಿಕೆಟ್ಟು ತೆಗೆಸಿ ಕಳಿಸಿದರು. ಎರಡನೆಯ ಟಿಕೆಟ್ಟು ನನ್ನದು. ಗಿರಿಜಾ ಆಗ ಏಳು ತಿಂಗಳ ಬಸುರಿ. ಅವಳಿಗೆ ಅಣ್ಣತಮ್ಮಂದಿರಿಲ್ಲ. ಹೀಗಾಗಿ ದಾವಣಗೆರೆಯ ದೊಡ್ಡಾಸ್ಪತ್ರೆ ದಾಟಿ ಎಲ್ಲಿಗೂ ರೋಗಿಯನ್ನು ಕರೆದೊಯ್ದು ಗೊತ್ತಿಲ್ಲದ ನಾನು ನಾಯಕನಾದೆ.

ಬರಲಾಗದ ಗಿರಿಜಾ ಬುತ್ತಿ ಕಟ್ಟಿದಳು. ಎರಡು ದಿನ ಕಟ್ಟಿದಳು. ಜಗಳೂರಿನಲ್ಲಿದ್ದ ಅವಳ ಚಿಕ್ಕಮ್ಮನಿಂದ ನವಣೆ ಅಕ್ಕಿ ತರಿಸಿ ಮೊಸರುಬುತ್ತಿ ಕಲಸಿದಳು. ತೆಳ್ಳಗಿನ ಜೋಳದ ರೊಟ್ಟಿ, ಮೆಂತ್ಯದ ಸೊಪ್ಪಿನ ಪಲ್ಯ, ಬೆಲ್ಲ ಸೋಕಿಸದ ಹಾಗಲಕಾಯಿ ಗೊಜ್ಜು, ಮೊಳಕೆ ಬಂದ ಹೆಸರುಕಾಳು, ಗುರೆಳ್ಳು ಚಟ್ನಿಪುಡಿ. ಹೊತ್ತು ಹೊತ್ತಿಗೆ ಇಷ್ಟಿಷ್ಟು ಎಂದು ಅಳೆದು, ಬಾಳೆಲೆಯಲ್ಲಿ ಸುತ್ತಿ, ಸ್ಟೀಲಿನ ಡಬ್ಬಿಗಳಲ್ಲಿ ಒತ್ತಿ, ಕೆಂಪು ವೈರ್ ಬ್ಯಾಗಿನಲ್ಲಿ ಜೋಡಿಸಿದಳು. ಮೇಲೆ ಎರಡು ಸೌತೆಕಾಯಿ. ಒಂದು ಕಾಗದದ ಮೇಲೆ ದುಂಡಕ್ಷರದಲ್ಲಿ ನಿಯಮಗಳನ್ನು ಬರೆದು ನನ್ನ ಜೇಬಿಗೆ ತಾನೇ ಇಟ್ಟಳು. ಸಿಹಿ ಕೂಡದು. ಮೈದಾ ಕೂಡದು. ಹೊರಗಿನ ಚಹಾ ಕೂಡದು. ಕೂಡದುಗಳೇ ಒಂದು ಪುಟ.

“ಅಪ್ಪ ಬಣ್ಣದ ಮಾತಾಡಿ ಇಸ್ಕೊಂತಾರೆ ನೋಡ್ರಿ. ನೀವು ಕರಗಬ್ಯಾಡ್ರಿ. ಅವರ ಕಾಲು ನಿಮ್ಮ ಕೈಯಾಗೈತೆ,” ಎಂದಳು.

ಕಾಲು ಕೈಯಲ್ಲಿರುವ ವಿಚಿತ್ರವನ್ನು ಗಮನಿಸಿ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆಗಲೇ ಒಂದು ವಾರದಿಂದ ನಾನು ಕಂಪೌಂಡರರ ಹತ್ತಿರ ಇಂಜೆಕ್ಷನ್ ಕೊಡುವುದನ್ನು ಕಲಿಯುತ್ತಿದ್ದೆ. ಬದನೆಕಾಯಿಗೆ ನೀರು ಚುಚ್ಚಿ ಚುಚ್ಚಿ ಅಭ್ಯಾಸ. ಆ ವಾರ ನಮ್ಮ ಮನೆಯಲ್ಲಿ ಬದನೆಕಾಯಿ ಪಲ್ಯವೆಲ್ಲ ನೀರು ನೀರು.

ಈಗೆಲ್ಲ ‘ಆರೋಗ್ಯಕರ ಆಹಾರ’ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಪಥ್ಯ ಎಂಬ ಮಾತಿತ್ತು, ಕೇಳಿದರೇ ನಾಲಿಗೆ ಸಪ್ಪೆಯಾಗುವಂಥ ಮಾತು. ನಾನು ಮೇಷ್ಟರಾದ್ದರಿಂದ ಸ್ವಲ್ಪ ಸಹಿಸಿಕೊಳ್ಳಿ: ಪಥ್ಯ ಎಂದರೆ ಮೂಲದಲ್ಲಿ ದಾರಿಗೆ ಒಪ್ಪುವಂಥದ್ದು, ಪಥಕ್ಕೆ ಸಂಬಂಧಪಟ್ಟದ್ದು. ಪ್ರಯಾಣಿಕ ಕಟ್ಟಿಕೊಂಡು ಹೋಗುವ ಬುತ್ತಿಗೆ ಸಂಸ್ಕೃತದಲ್ಲಿ ಪಾಥೇಯ. ಎರಡೂ ಒಂದೇ ಬೇರಿನ ಚಿಗುರು. ರೋಗಿಯ ಊಟವೂ ದಾರಿಹೋಕನ ಊಟವೂ ದಾಯಾದಿಗಳು. ಈ ಸಂಗತಿಯನ್ನು ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಮಾವನವರಿಗೆ ವಿವರಿಸಿದೆ. ಅವರು ಕಾಲನ್ನು ಎದುರಿನ ಟ್ರಂಕಿನ ಮೇಲೆ ಚಾಚಿ, ಕಣ್ಣು ಮುಚ್ಚಿ ಕೇಳಿದರು.

“ಭಾಳ ಚಂದ ಐತೆ, ಅಳಿಯಂದಿರೆ. ಅದ್ರಾಗೆ ಉಪ್ಪಾದ್ರೂ ಐತೋ ಇಲ್ಲೋ ಅಷ್ಟು ಹೇಳ್ರಿ,” ಎಂದರು.

ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದು, ಬೆಳಿಗ್ಗೆ ಐದೂವರೆಗೇ ಸೂಜಿ ಕುದಿಸಿ, ಇನ್ಸುಲಿನ್ ಕೊಟ್ಟೆ. ಬದನೆಕಾಯಿಗಿಂತ ಮಾವ ಹೆಚ್ಚು ಸಹಕರಿಸಿದರು. ಇಂಜೆಕ್ಷನ್ ಆದ ಅರ್ಧ ಗಂಟೆ, ಮುಕ್ಕಾಲು ಗಂಟೆಯೊಳಗೆ ತಿನ್ನಬೇಕು. ನಿಲ್ದಾಣಕ್ಕೆ ಹೋಗಿ ನೆಮ್ಮದಿಯಾಗಿ ಕುಳಿತು ರೊಟ್ಟಿ ತಿನ್ನಿಸುವುದೆಂದು ನಾನು ಲೆಕ್ಕ ಹಾಕಿದ್ದೆ. ನೆಂಟರು ಇಡ್ಲಿ ಮಾಡುತ್ತೇವೆ ಎಂದರೂ ಬೇಡವೆಂದೆ. ವಿಮಾನ ತಪ್ಪಿಹೋದರೆ?

ನಿಲ್ದಾಣದ ಕೌಂಟರಿನಲ್ಲಿ ಟೈ ಕಟ್ಟಿದ ಯುವಕ ನಮ್ಮ ಟ್ರಂಕನ್ನು ತೂಗಿ ಒಳಗೆ ಕಳಿಸಿ, “ಇನ್ನೇನಾದ್ರೂ ಇದೆಯಾ ಸಾರ್?” ಎಂದು ಕೇಳಿದ. ನೋಡಿ, ಮೂವತ್ತು ವರ್ಷ ಶಾಲೆಯೊಳಗೇ ಬೆಳೆದವನ ಕಷ್ಟ ಇದು. ಅಧಿಕಾರದಲ್ಲಿರುವವರು ‘ಇನ್ನೇನಿದೆ’ ಎಂದು ಕೇಳಿದರೆ ನಾನು ಇದ್ದದ್ದನ್ನೆಲ್ಲ ತೆಗೆದು ಮೇಜಿನ ಮೇಲಿಡುತ್ತೇನೆ. ಕೆಂಪು ವೈರ್ ಬ್ಯಾಗನ್ನೂ ಇಟ್ಟೆ. ಅದಕ್ಕೂ ಒಂದು ಚೀಟಿ ಕಟ್ಟಿದರು. ಬಸ್ಸಿನಲ್ಲಿ ಸಾಮಾನು ಟಾಪಿನ ಮೇಲೆ ಹಾಕುತ್ತಾರೆ, ವಿಮಾನದಲ್ಲಿ ಸೀಟಿನ ಹತ್ತಿರವೇ ತಂದಿಡುತ್ತಾರೆ, ಎಷ್ಟೆಂದರೂ ದುಡ್ಡು ಜಾಸ್ತಿಯಲ್ಲವೆ ಎಂದುಕೊಂಡೆ. ಕೈ ಬೀಸಿಕೊಂಡು, ಹಗುರಾಗಿ, ಮಾವನ ತೋಳು ಹಿಡಿದು ಒಳಗೆ ಹೋದೆ.

ಪೊಲೀಸರು ತಪಾಸಣೆ ಮಾಡಿ ಒಳಗಿನ ಹಜಾರದಲ್ಲಿ ಕೂರಿಸಿದ ಮೇಲೆ ಮಾವ ಸುತ್ತ ನೋಡಿದರು.

“ಬುತ್ತಿ ಎಲ್ಲೈತ್ರೀ?”

“ಒಳಗೆ ಕೊಡ್ತಾರೆ, ಮಾವ.”

“ಯಾವುದರೊಳಗೆ?”

ಸಮವಸ್ತ್ರದ ಒಬ್ಬರನ್ನು ವಿಚಾರಿಸಿದೆ. ಅವರು ಚೀಟಿ ನೋಡಿ, ನನ್ನ ಮುಖ ನೋಡಿ, ಚೀಲ ವಿಮಾನದ ಹೊಟ್ಟೆಯಲ್ಲಿದೆ, ಬೊಂಬಾಯಿಯಲ್ಲೇ ಸಿಗುವುದು ಎಂದರು. ವಿಮಾನಕ್ಕೂ ಹೊಟ್ಟೆಯಿದೆ, ಅದು ನಮ್ಮ ಬುತ್ತಿಯನ್ನು ತಿಂದು ಕುಳಿತಿದೆ. ಆದರೂ ಏಳು ಗಂಟೆಗೆ ಹೊರಡುತ್ತದೆ, ಹೊರಟ ಕೂಡಲೇ ತಿಂಡಿ ಕೊಡುತ್ತಾರೆ, ಅದರಲ್ಲಿ ಆರಿಸಿ ತಿನ್ನಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಏಳಕ್ಕೆ ಹೊರಡಲಿಲ್ಲ. ಇಂಗ್ಲಿಷಿನಲ್ಲಿ ಏನೋ ಕೂಗಿದರು. ನನಗೆ ಅದರಲ್ಲಿ ತಿಳಿದದ್ದು ‘ವಿಷಾದ’ ಎನ್ನುವ ಅರ್ಥದ ಪದವೊಂದೇ. ಇನ್ನರ್ಧ ಗಂಟೆ ಎಂದರು ಪಕ್ಕದವರು. ಅರ್ಧ ಗಂಟೆಯಾದ ಮೇಲೆ ಮತ್ತೆ ವಿಷಾದ, ಮತ್ತರ್ಧ ಗಂಟೆ. ನಾನು ಹತ್ತು ಹೆಜ್ಜೆ ಆ ಕಡೆ, ಹತ್ತು ಹೆಜ್ಜೆ ಈ ಕಡೆ ನಡೆದೆ. ಗಾಜಿನ ಗೋಡೆಯ ಹತ್ತಿರ ಹೋಗಿ ವಿಮಾನ ನಿಂತೇ ಇದೆ ಎಂದು ಖಾತ್ರಿ ಮಾಡಿಕೊಂಡೆ. ಬಂದು ಕುಳಿತೆ. ವಾಚಿಗೆ ಕೀಲಿ ಕೊಟ್ಟೆ, ಅದಾಗಲೇ ಕೊಟ್ಟದ್ದು. ಮತ್ತೆ ಎದ್ದೆ. ಮೂಲೆಯಲ್ಲೊಂದು ಅಂಗಡಿಯಿತ್ತು. ಸಕ್ಕರೆ ಹಾಕಿಯೇ ಕಾಯಿಸಿದ ಚಹಾ, ಬಿಸ್ಕೀಟು, ಕೇಕು. ಮಾವ ಅದನ್ನು ನನಗಿಂತ ಮೊದಲೇ ನೋಡಿದ್ದರು.

“ಎರಡು ಬಿಸ್ಕೀಟು ತಗೊಂಬರ್ರಿ. ಹೊಟ್ಟೆ ಒಂಥರಾ ಆಗಾಕೆ ಹತ್ತೈತಿ.”

“ಬ್ಯಾಡ ಮಾವ, ಅದು ಮೈದಾ. ಇನ್ನೇನು ಹೊರಡ್ತದೆ.”

“ಒಂದಾದ್ರೂ ತರ್ರಿ. ಗಿರಿಜಾ ಏನೂ ಇಲ್ಲಿ ಬಂದು ನೋಡಾಕಿಲ್ಲ.”

ಅವಳು ಹೇಳಿದ್ದ ಬಣ್ಣದ ಮಾತು ಇದೇ ಎಂದು ನನಗೆ ಖಚಿತವಾಯಿತು. ನಾನು ಕರಗಲಿಲ್ಲ. ಇವತ್ತು ಬರೆಯುವಾಗಲೂ ಕೈ ತಡೆಯುತ್ತದೆ. ಹಸಿದ ರೋಗಿ ತಿನ್ನಲು ಕೇಳಿದ, ಇಪ್ಪತ್ತು ಹೆಜ್ಜೆಯಲ್ಲಿ ತಿನಿಸಿತ್ತು, ನಾನು ಜೇಬಿನಲ್ಲಿದ್ದ ಕಾಗದವನ್ನು ಮುಟ್ಟಿ ನೋಡಿಕೊಂಡು ಇಲ್ಲ ಎಂದೆ. ಮಾವ ಒತ್ತಾಯ ಮಾಡಲಿಲ್ಲ. ಅಳಿಯನ ಹತ್ತಿರ ಎರಡಕ್ಕಿಂತ ಹೆಚ್ಚು ಸಲ ಕೇಳುವುದು ಅವರ ಮರ್ಯಾದೆಗೆ ಒಪ್ಪುವಂಥದ್ದಲ್ಲ. ಟವೆಲು ಹೆಗಲ ಮೇಲೆ ಸರಿಮಾಡಿಕೊಂಡರು.

ವಿಮಾನ ಏರಿದಾಗ ಒಂಬತ್ತಾಗಿತ್ತು. ನೆಲ ಬಿಟ್ಟಾಗ ಎಲ್ಲರೂ ಕಿಟಕಿಯ ಕಡೆ ಬಾಗಿದರು. ನಾನು ಮೋಡ ನೋಡಲಿಲ್ಲ. ಮಾವನ ಕಡೆ ತಿರುಗಿ ಏನೋ ಹೇಳಿದೆ, ಉತ್ತರ ಬರಲಿಲ್ಲ. ಅವರ ಹಣೆಯ ವಿಭೂತಿ ಬೆವರಿನಲ್ಲಿ ಕಲಸಿಹೋಗಿ ಹುಬ್ಬಿನ ಮೇಲೆ ಇಳಿದಿತ್ತು. ಕೈ ಹಿಡಿದರೆ ತಣ್ಣಗೆ, ನಡುಗುತ್ತಿತ್ತು.

“ಮಾವ?”

“ತೂಕ ಸರಿ ಇಲ್ಲ,” ಎಂದರು. “ಇನ್ನೊಂದು ಸಲ ತೂಗಾಕೆ ಹೇಳ್ರಿ, ತೂಕ ಸರಿ ಇಲ್ಲ.” ಅವರು ಚನ್ನಗಿರಿಯ ಮಂಡಿಯಲ್ಲಿದ್ದರು, ಯಾರದೋ ಅಡಿಕೆ ಮೂಟೆಯ ಮುಂದೆ.

ನಾನು ಜೇಬಿನಿಂದ ಕಾಗದ ಎಳೆದೆ. ಕೂಡದು, ಕೂಡದು, ಕೂಡದು. ಏನು ಮಾಡಬೇಕೆಂದು ಒಂದೂ ಇಲ್ಲ. ಕಾಗದ ಕೈಜಾರಿ ಮಡಿಲಿಗೆ ಬಿದ್ದು ಮಗುಚಿತು. ಹಿಂದಿನ ಪುಟದಲ್ಲೂ ಬರೆದಿತ್ತು. ಒಂದೇ ಸಾಲು: ‘ಬೆವೆತು ನಡುಗಿದರೆ, ಮಾತು ತೊದಲಿದರೆ, ತಕ್ಷಣ ಸಕ್ಕರೆ ಕೊಡಿ. ಡಾಕ್ಟರು ಎರಡು ಸಲ ಹೇಳಿದ್ದಾರೆ.’ ಮಕ್ಕಳಿಗೆ ಪ್ರಶ್ನೆಪತ್ರಿಕೆಯನ್ನು ತಿರುಗಿಸಿ ನೋಡಿರೋ ಎಂದು ವರ್ಷವೆಲ್ಲ ಕೂಗುವ ಮೇಷ್ಟರು ನಾನು.

ಆ ಹೊತ್ತಿಗೆ ಸರಿಯಾಗಿ ಗಗನಸಖಿ ತಿಂಡಿಯ ಟ್ರೇಗಳನ್ನು ತಂದಳು. ಆಮ್ಲೆಟ್ಟು, ಬ್ರೆಡ್ಡು, ಒಂದು ಪುಟ್ಟ ಬಟ್ಟಲಲ್ಲಿ ಪಾಕದಲ್ಲಿ ಮುಳುಗಿದ ಎರಡು ಜಾಮೂನು. ನಾನು ಇದ್ದ ಇಂಗ್ಲಿಷನ್ನೆಲ್ಲ ಕೂಡಿಸಿ, ಮಾವನ ಕಡೆ ಬೆರಳು ತೋರಿಸಿ, “ಶುಗರ್ ಪೇಷೆಂಟ್! ಶುಗರ್ ಪೇಷೆಂಟ್!” ಎಂದು ಕೂಗಿದೆ. ಪಾಪ, ಆ ಹುಡುಗಿಗೆ ಚೆನ್ನಾಗಿ ಅರ್ಥವಾಯಿತು. “ಓ, ಸಾರಿ!” ಎಂದವಳೇ ಜಾಮೂನಿನ ಬಟ್ಟಲನ್ನು ಮಾವನ ಮುಂದಿನಿಂದ ಎತ್ತಿಕೊಂಡಳು.

ನಾನು ಅವಳ ಕೈಯಿಂದ ಕಿತ್ತುಕೊಂಡೆ. ಅಪರಿಚಿತ ಹೆಣ್ಣುಮಗಳ ಕೈಯಿಂದ ನಾನು ಏನನ್ನಾದರೂ ಕಿತ್ತುಕೊಂಡದ್ದು ಜೀವಮಾನದಲ್ಲಿ ಅದೊಂದೇ ಸಲ. ಜಾಮೂನನ್ನು ಬೆರಳಿನಲ್ಲಿ ಹಿಸುಕಿ ಮಾವನ ಬಾಯಿಗೆ ಇಟ್ಟೆ. “ನುಂಗ್ರಿ ಮಾವ, ನುಂಗ್ರಿ” ಎಂದು ಗದರಿಸಿದೆ. ಅವರು ಮೊದಲು ಬಾಯಿ ಬಿಗಿದರು. ಎರಡು ವರ್ಷ ಮಗಳು ಕಲಿಸಿದ ಪಾಠ ಪ್ರಜ್ಞೆಗಿಂತ ಆಳಕ್ಕೆ ಇಳಿದಿತ್ತೋ ಏನೋ. ಆಮೇಲೆ ನುಂಗಿದರು. ಎರಡನೆಯದನ್ನೂ ಕೊಟ್ಟೆ. ಪಾಕವನ್ನು ಚಮಚದಲ್ಲಿ ಕುಡಿಸಿದೆ. ನನ್ನ ಮುಖ ನೋಡಿಯೇ ಆ ಹುಡುಗಿಗೆ ವಿಷಯ ತಿಳಿದಿರಬೇಕು, ಓಡಿಹೋಗಿ ಲೋಟದಲ್ಲಿ ಸಕ್ಕರೆ ನೀರು ಕಲಸಿ ತಂದಳು. ಮಂಡಿಯೂರಿ ಕುಳಿತು, ಒಂದು ಕೈಯಲ್ಲಿ ಮಾವನ ತಲೆ ಹಿಡಿದು, ಗುಟುಕು ಗುಟುಕಾಗಿ ಕುಡಿಸಿದಳು. ನಮ್ಮ ಮುಂದಿನ ಸಾಲಿನವರು ಹಿಂತಿರುಗಿ ನೋಡುತ್ತಿದ್ದರು. ನನಗೆ ನಾಚಿಕೆಯಾಗಲಿಲ್ಲ. ನನಗೆ ಕಾಣುತ್ತಿದ್ದದ್ದು ಹೊನ್ನಾಳಿಯ ಮನೆಯ ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದ ಗಿರಿಜಾ ಒಬ್ಬಳೇ. ಅವಳಿಗೆ ಏನೆಂದು ತಂತಿ ಕೊಡಲಿ?

ಹತ್ತು ನಿಮಿಷವೋ ಹದಿನೈದೋ. ಮಾವನ ಕೈ ನಿಧಾನವಾಗಿ ಬೆಚ್ಚಗಾಯಿತು. ಕಣ್ಣು ಬಿಟ್ಟು ಗಗನಸಖಿಯನ್ನು ನೋಡಿ, ನನ್ನನ್ನು ನೋಡಿ, ನನ್ನ ಅಂಗಿಯ ಮೇಲೆಲ್ಲ ಹರಿದಿದ್ದ ಪಾಕವನ್ನು ನೋಡಿದರು.

“ಏನಾತ್ರೀ?”

“ಏನಿಲ್ಲ ಮಾವ.”

“ಏನಿಲ್ಲಂದ್ರೆ ಯಾಕ್ರೀ ಅಳಾಕತ್ತೀರಿ?”

ಆಮೇಲೆ ಅವರಿಗೆ ಬ್ರೆಡ್ಡು ಕೊಟ್ಟೆ, ಮೈದಾದ್ದೇ. ತಿಂದರು. ಎಲ್ಲವನ್ನೂ ಅವರಾಗಿಯೇ ಊಹಿಸಿಕೊಂಡಿದ್ದರೆಂದು ಕಾಣುತ್ತದೆ. ವಿಮಾನ ಇಳಿಯುವ ಮೊದಲು ನನ್ನ ಮೊಣಕೈ ಮುಟ್ಟಿ, “ಇದನ್ನ ಗಿರಿಜಾಗೆ ಹೇಳಬ್ಯಾಡ್ರಿ. ಬಸುರಿ ಹುಡುಗಿ, ಗಾಬರಿ ಆಗ್ತಾಳೆ,” ಎಂದರು. ಸ್ವಲ್ಪ ತಡೆದು, “ನಿಮ್ಮ ಮ್ಯಾಲೂ ಸಿಟ್ಟಾಗ್ತಾಳೆ,” ಎಂದು ಸೇರಿಸಿದರು. ಬಿಸ್ಕೀಟಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬೊಂಬಾಯಿಯಲ್ಲಿ ಕೆಂಪು ಚೀಲ ಸುರಕ್ಷಿತವಾಗಿ ಬಂತು. ಸೌತೆಕಾಯಿಗೆ ಒಂದು ತರಚೂ ಇರಲಿಲ್ಲ. ಆಸ್ಪತ್ರೆಯ ಡಾಕ್ಟರರಿಗೆ ನಡೆದದ್ದನ್ನು ಸೇಟು ಹಿಂದಿಯಲ್ಲಿ ತಿಳಿಸಿದರು. ಡಾಕ್ಟರು ನನ್ನನ್ನು ನೋಡಿ, ಸಕ್ಕರೆ ಏರಿದರೆ ವರ್ಷಗಟ್ಟಲೆ ಕೊರೆಯುತ್ತದೆ, ಇಳಿದರೆ ಗಂಟೆಯಲ್ಲಿ ಮುಗಿಸುತ್ತದೆ, ನೆನಪಿಡಿ ಎಂದರಂತೆ. ಸೇಟು ಅದನ್ನು ನನಗೆ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳಿದರು. ಅಷ್ಟಕ್ಕೇ ಎರಡು ರಾತ್ರಿ ನಿದ್ದೆ ಬರಲಿಲ್ಲ. ಶಸ್ತ್ರಚಿಕಿತ್ಸೆ ಆಯಿತು. ಹೆಬ್ಬೆರಳೂ ಪಕ್ಕದ ಬೆರಳೂ ಹೋದವು, ಪಾದ ಉಳಿಯಿತು. ಮಾವ ಬ್ಯಾಂಡೇಜನ್ನು ನೋಡಿ, “ರೇಟಿನಾಗೆ ಸೋಡಿ ಬಿಟ್ಟಂಗೆ ಎರಡು ಬೆರಳು ಬಿಟ್ಟು ಕಾಲು ಉಳಿಸ್ಕೊಂಡೆ. ಲುಕ್ಸಾನು ಏನಿಲ್ಲ,” ಎಂದರು. ಮೂರು ವಾರದ ಮೇಲೆ ನಾವು ಊರಿಗೆ ಬಂದೆವು.

ಊರಿಗೆ ಬಂದ ಮೇಲೆ ಶುರುವಾಯಿತು ನನ್ನ ನಿಜವಾದ ಕಷ್ಟ. ಗಿರಿಜಾ ಬಂದವರ ಮುಂದೆಲ್ಲ, “ನಮ್ಮ ಮನೆಯೋರು ಅಪ್ಪಗೆ ಒಂದು ಚೂರು ಸಿಹಿ ಮುಟ್ಟಾಕೆ ಬಿಡಲಿಲ್ಲ” ಎಂದು ಹೇಳಿಕೊಳ್ಳುತ್ತಿದ್ದಳು. ಒಂದೊಂದು ಸಲ ಹೇಳಿದಾಗಲೂ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಶಾಲೆಯಲ್ಲಿ ಪಾಠ ನಡುವೆ ನಿಂತುಹೋಗುತ್ತಿತ್ತು. ಊಟಕ್ಕೆ ಕುಳಿತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಮತ್ತೆ ಹೋಗಿ ಅವಳ ಎದುರು ಕೂರಬೇಕೆನಿಸುತ್ತಿತ್ತು. ಮಗು ಹುಟ್ಟಿ, ಹೆಸರಿಟ್ಟು, ಅವಳು ಚನ್ನಗಿರಿಯ ತವರಿನಲ್ಲಿದ್ದಾಗ ಒಂದು ಭಾನುವಾರ ನೋಡಲು ಹೋದೆ. ಮಾವ ಹೊರಗೆ ಮಂಡಿಯಲ್ಲಿದ್ದರು. ಗಿರಿಜಾ ಅಡುಗೆಮನೆಯಲ್ಲಿ ಮೊರ ಹಿಡಿದು ನವಣೆ ಕೇರುತ್ತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಚೀಲ ಕೊಟ್ಟದ್ದು, ಇಡ್ಲಿ ಬೇಡವೆಂದದ್ದು, ಬಿಸ್ಕೀಟು ಕೇಳಿದರೂ ಕೊಡದಿದ್ದದ್ದು, ಕಾಗದದ ಹಿಂಬದಿ, ಜಾಮೂನು. ಏನನ್ನೂ ಬಿಡಲಿಲ್ಲ.

ಮೊರ ನಿಂತಿತು. ಬೈಗುಳಕ್ಕೆ ನಾನು ತಯಾರಾಗಿದ್ದೆ, ನಿಜ ಹೇಳಬೇಕೆಂದರೆ ಅದಕ್ಕಾಗಿ ಕಾಯುತ್ತಿದ್ದೆ.

“ಎಷ್ಟು ತಿಂದ್ರು?” ಎಂದಳು.

“ಎರಡು.”

“ಇಷ್ಟಪಟ್ಟು ತಿಂದ್ರಾ?”

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. “ಇಲ್ಲ ಗಿರಿಜಾ,” ಎಂದೆ. “ರುಚಿ ತಿಳಿಯೋ ಹೊತ್ತಲ್ಲ ಅದು. ಏನು ತಿಂದೆ ಅಂತಾನೇ ಅವರಿಗೆ ಗೊತ್ತಾಗಲಿಲ್ಲ.”

“ಅಯ್ಯೋ,” ಎಂದಳು. ಕಣ್ಣಲ್ಲಿ ನೀರು ಬಂತು. “ಎರಡು ವರ್ಷದ ಮ್ಯಾಲೆ ಸಿಕ್ಕಿದ್ದು, ಅದೂ ಗೊತ್ತಾಗದಂಗೆ ಹೋತಲ್ರೀ.”

ಆಮೇಲೆ ಬೈದಳು. ಬಿಸ್ಕೀಟಿಗೆ ಬೈದಳು, ಇಡ್ಲಿಗೆ ಬೈದಳು. ಅದೆಲ್ಲ ನನಗೆ ಸಲ್ಲಬೇಕಾದದ್ದೇ, ಕೇಳಿಸಿಕೊಂಡೆ. ಮರುದಿನ ನನ್ನನ್ನು ದಾವಣಗೆರೆಗೆ ಓಡಿಸಿದಳು, ಡಾಕ್ಟರರನ್ನು ಒಂದು ಮಾತು ಕೇಳಿಕೊಂಡು ಬರಲು. ಅವರು ನಕ್ಕು, ಆ ಹೊತ್ತಿನ ಅನ್ನ ರೊಟ್ಟಿ ಕಡಿಮೆ ಮಾಡುವುದಾದರೆ, ತಿಂಗಳಿಗೊಂದು ಸಲ, ಇಷ್ಟೇ ಇಷ್ಟು ಎಂದು ಬೆರಳಿನಲ್ಲಿ ಅಳತೆ ತೋರಿಸಿದರು. ಆ ಬೆರಳನ್ನು ಹಾಗೆಯೇ ಹಿಡಿದುಕೊಂಡು ಚನ್ನಗಿರಿಗೆ ಬಂದೆ ಎಂದರೆ ಉತ್ಪ್ರೇಕ್ಷೆಯಾದೀತು, ಆದರೆ ಬಸ್ಸಿನಲ್ಲಿ ನಾಲ್ಕಾರು ಸಲ ಹಿಡಿದು ನೋಡಿಕೊಂಡದ್ದು ನಿಜ.

ಗಿರಿಜಾ ಗೋಧಿ ಹುಗ್ಗಿ ಮಾಡಿದಳು. ಮಗುವಿಗೆ ಔಷಧಿ ಹಾಕುವ ಬೆಳ್ಳಿ ಒಳಲೆಗಿಂತ ತುಸು ದೊಡ್ಡದಾದ ಬಟ್ಟಲಲ್ಲಿ ಹಾಕಿ ಅಪ್ಪನ ಮುಂದಿಟ್ಟಳು. ಮಾವ ಬಟ್ಟಲನ್ನು ನೋಡಿದರು, ಮಗಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಅಳಿಯ ಬಾಯಿ ಬಿಟ್ಟಿದ್ದಾನೆಂದು ಅವರಿಗೆ ಗೊತ್ತಾಯಿತು. ತುದಿಬೆರಳಿನಲ್ಲಿ ಮುಟ್ಟಿ, ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿದರು. ಎರಡು ತುತ್ತಿನ ಹುಗ್ಗಿ. ಅದನ್ನವರು ಮುಗಿಸುವಷ್ಟರಲ್ಲಿ ತೊಟ್ಟಿಲಿನ ಮಗು ಎದ್ದು, ಅತ್ತು, ಮತ್ತೆ ಮಲಗಿತು. ಬಟ್ಟಲಿನ ಅಂಚಿಗೆ ಬೆರಳಾಡಿಸಿ ಅವರು ಇನ್ನೂ ಏನೋ ಉಳಿದಿದೆಯೇ ಎಂದು ಹುಡುಕುತ್ತಿದ್ದಾಗ, ಗಿರಿಜಾ ಒಲೆಯ ಕಡೆ ತಿರುಗಿ, ಇಲ್ಲದ ಹಾಲನ್ನು ಉಕ್ಕದಂತೆ ನೋಡಿಕೊಳ್ಳುತ್ತಿದ್ದಳು.

ಕಾವಲು ಕಾಯುವುದನ್ನು ನಾನು ಚೆನ್ನಾಗಿ ಕಲಿತಿದ್ದೆ. ಯಾವಾಗ ಬೆನ್ನು ತಿರುಗಿಸಿ ನಿಲ್ಲಬೇಕು ಎಂಬುದನ್ನು ಅವತ್ತು ಅವಳಿಂದ ಕಲಿತೆ.